ಉಪ್ಪು ನೋಡದ ಸೋಮವಾರ

ನಾಲ್ಕೂವರೆಗೆ ಒಲೆ ಹಚ್ಚುವುದು.
ಮುಲುಂಡಿನಲ್ಲಿ ಐದೂಕಾಲರ ಲೋಕಲ್ ಕೂಗುವ ಹೊತ್ತಿಗೆ
ಸಾಂಬಾರು ಒಂದು ಕುದಿ ಬಂದಿರಬೇಕು.
ಮೂವತ್ತೇಳು ವರ್ಷ ಹೀಗೇ ಬಂದಿದೆ.
ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ,
ಅಂಗೈಯಿಂದ ನಾಲಿಗೆಗೆ,
ಅಷ್ಟೆ. ಅಲ್ಲಿಂದ ದಿನ ಶುರು.

ಇಂದು ಅಂಗೈ ಒಣಗಿದೆ.

ಡಾಕ್ಟರ್ ಕರ್ಣಿಕ್ ಬಾಯಿ ಕನ್ನಡಕ ಹಣೆಗೇರಿಸಿ
ರಕ್ತದ ಕಾಗದ ಓದಿದ್ದು ಆಷಾಢದಲ್ಲಿ.
ಇನ್ನೂರ ತೊಂಬತ್ತು.
ದೇವಾಡಿಗ ಮಾಮಾ, ಸಕ್ಕರೆಗೆ ನೀವು ರುಚಿಸಿದ್ದೀರಿ.
ಗುಳಿಗೆ ಬದಲಿಸಿ, ದನಿ ಇಳಿಸಿ ಅಂದಳು:
ವಾರಕ್ಕೊಂದು ದಿನ ಹೊಟ್ಟೆಗೆ ರಜೆ ಕೊಡಿ.
ನಿಂಬೆನೀರು ಸಾಕು. ತಲೆ ತಿರುಗಿದರೆ ಮಾತ್ರ
ಕಿಸೆಯಲ್ಲೊಂದು ಪೆಪ್ಪರಮಿಂಟು.
ಹೋಟೆಲಿನವನಿಗೆ ರಜೆಯ ಮಾತು!
ನಗು ಬಂತು. ನಗದೆ ತಲೆಯಾಡಿಸಿದೆ.

ಮೊದಲ ಸೋಮವಾರ ಶ್ರಾವಣದ್ದೇ ಬಂತು.
ಹೊರಗೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಉಪವಾಸದ ಪದಾರ್ಥ:
ಸಾಬೂದಾಣೆ ಖಿಚಡಿ, ಸಾಬೂದಾಣೆ ವಡೆ,
ಶೇಂಗಾ ಆಮಟಿ, ವರಿ ಅನ್ನ, ರತಾಳೆ, ಪಿಯೂಷ.
ಉಪವಾಸದವರು ಸಾಲಾಗಿ ಬಂದು ಕೂತು
ಇನ್ನೊಂದು ಪ್ಲೇಟು ಎಂದರು.
ಏಕಾದಶಿ, ದುಪ್ಪಟ್ ಖಾಶಿ. ಅವರೇ ಹೇಳುತ್ತಾರೆ,
ಅವರೇ ನಗುತ್ತಾರೆ, ಮೊಸರು ಕೇಳುತ್ತಾರೆ.
ಅಂದು ಆ ಹೋಟೆಲಿನಲ್ಲಿ ಉಪವಾಸ ಇದ್ದದ್ದು
ವಡೆ ಕರಿದವನೊಬ್ಬನೇ.

ಉಪ್ಪು ನೋಡುವವರಾರು?
ಸೊಲ್ಲಾಪುರ ಕಡೆಯ ಬಸಲಿಂಗನನ್ನು ಕರೆದೆ.
ನೆಕ್ಕಿ, ಬರೋಬ್ಬರಿ ಐತ್ರಿ, ಅಂದ.
ಚಟ್ನಿಗೂ ಬರೋಬ್ಬರಿ, ಪಾಯಸಕ್ಕೂ ಬರೋಬ್ಬರಿ,
ಬರೀ ಬಿಸಿನೀರು ಕೊಟ್ಟರೂ ಬರೋಬ್ಬರಿ.
ಎಂಟು ಗಂಟೆಗೆ ಗಲ್ಲೆಯಿಂದ ಧಣಿಯ ಕೂಗು:
ಇದೇನು ಸಾಂಬಾರೋ, ಸಮುದ್ರವೋ?

ಹನ್ನೊಂದಕ್ಕೆ ಹೊಟ್ಟೆಯೊಳಗೊಂದು ನಾಯಿ
ಎದ್ದು, ಮೂರು ಸುತ್ತು ಸುತ್ತಿ, ಮತ್ತೆ ಮಲಗಿತು.
ಎರಡಕ್ಕೆ ಅಮ್ಮ ಎದ್ದಳು.

ಅಕ್ಕಿ ಡಬ್ಬಿಯ ತಳ ಪಾವಿಗೆ ತಾಗಿ ಕರಕರ ಅಂದ ದಿನ
ಅಮ್ಮ ಅನ್ನುತ್ತಿದ್ದಳು: ಮಕ್ಕಳೇ, ಇವತ್ತು ಏಕಾದಶಿ.
ಊರಿಗೆಲ್ಲ ತಿಂಗಳಿಗೆ ಎರಡು. ನಮ್ಮ ಮನೆಗೆ ಏಳು, ಎಂಟು,
ಹೆಂಚಿನ ಕಾರ್ಖಾನೆ ಮುಚ್ಚಿದ ವರ್ಷ ಲೆಕ್ಕವಿಲ್ಲ.
ಮುಖ ತೊಳೆಸಿ, ಗಂಧ ಹಚ್ಚಿ, ಸಾಲಾಗಿ ಕೂರಿಸಿ
ಅಂಗೈಗೆ ನೀರು ಹಾಕುತ್ತಿದ್ದಳು ತೀರ್ಥದಂತೆ,
ತುಳಸಿಯ ಎಲೆಯೊಂದು ಅದರಲ್ಲಿ.
ಪಂಚಾಂಗ ಓದಲು ಅವಳಿಗೆ ಬರುತ್ತಿರಲಿಲ್ಲ.
ಓದು ಕಲಿತ ನಾನು ಒಮ್ಮೆ ಹುಡುಕಿ ನೋಡಿದೆ.
ಅಂದು ಷಷ್ಠಿ.
ಯಾರಿಗೂ ಹೇಳಲಿಲ್ಲ.

ಹದಿನಾರಕ್ಕೆ ಬಸ್ಸು ಹತ್ತಿ ಈ ಊರಿಗೆ ಬಂದವನು
ಆ ಏಕಾದಶಿಗಳ ಬಾಕಿ ವಸೂಲಿಗೇ ನಿಂತೆ.
ಶಿರಾ ಬಾಣಲೆಯ ತಳ ಕೆರೆದು, ಉಳಿದ ಬೋಂಡಾ ಮುಗಿಸಿ,
ರಾತ್ರಿ ಹನ್ನೊಂದಕ್ಕೆ ಜಾಮೂನಿನ ಪಾಕದಲ್ಲಿ ಪಾವು ಅದ್ದಿ.
ಹಸಿವು ಸುಳಿಯಬಾರದೆಂದು ಹೊಟ್ಟೆಯ ಬಾಗಿಲಿಗೆ
ಅನ್ನವನ್ನೇ ಕಾವಲಿಟ್ಟೆ.
ಸಕ್ಕರೆ ಕಾವಲುಗಾರನ ಕೈಹಿಡಿದೇ ಒಳಗೆ ಬಂತು.

ಆರನೆಯ ಸೋಮವಾರ ಬಸಲಿಂಗನನ್ನು ಕರೆಯಲಿಲ್ಲ.
ಖಾಲಿ ಹೊಟ್ಟೆಗೆ ಮೂಗು ಇಷ್ಟು ಉದ್ದವೆಂದು ಗೊತ್ತಿರಲಿಲ್ಲ.
ಇಂಗು ಅರಳಿದ್ದು, ಕರಿಬೇವು ಸೀಯಲು ಹೊರಟದ್ದು,
ಎಲ್ಲ ಬಿಡಿಬಿಡಿಯಾಗಿ ಬಂದು ನಿಲ್ಲುತ್ತವೆ.
ಕಿವಿಗೂ ತಿಳಿಯುತ್ತದೆ: ಉಪ್ಪು ಬೀಳದ ಬೇಳೆ
ತೆಳ್ಳಗೆ ಗೊಣಗುತ್ತದೆ; ಬಿದ್ದೊಡನೆ ಒಂದು ಗಳಿಗೆ ಸುಮ್ಮನಾಗಿ
ದಪ್ಪ ದನಿಯಲ್ಲಿ ಕುದಿಯುತ್ತದೆ.
ಕಣ್ಣುಮುಚ್ಚಿ ಹಾಕಿದೆ. ಮುಷ್ಟಿ, ಇನ್ನೊಂದು ಚಿಟಿಕೆ.
ಎಂಟು ಗಂಟೆ. ಎಂಟೂವರೆ.
ಗಲ್ಲೆ ಕೂಗಲಿಲ್ಲ.

ಸಕ್ಕರೆ ಈಗ ನೂರೈವತ್ತರ ಆಚೀಚೆ.
ಸ್ಟೇಷನ್ನಿನ ಸೇತುವೆ ಮೆಟ್ಟಿಲು ನಿಲ್ಲದೆ ಹತ್ತುತ್ತೇನೆ.
ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದು
ಬರೋಬ್ಬರಿ ಅಂದ ಬಸಲಿಂಗ. ಈ ಸಲ ನಿಜ.
ಕಿಸೆಯ ಪೆಪ್ಪರಮಿಂಟು ಕಾಗದಕ್ಕೆ ಅಂಟಿಕೊಂಡಿದೆ.
ಒಳಗೆ, ಕಡೆಯ ಗಿರಾಕಿ ಹೋದ ಮೇಲೆ
ತೊಳೆದು ಕವುಚಿಟ್ಟ ದೊಡ್ಡ ಹಂಡೆಯ ಹಾಗೆ,
ತಟ್ಟಿದರೆ ಸದ್ದು ಬರುತ್ತದೆ.

ಮಂಗಳವಾರ, ನಾಲ್ಕೂವರೆ.
ಒಂದು ಹನಿ ಅಂಗೈಗೆ.
ನಾಲಿಗೆಗೊಯ್ಯುವ ಮುನ್ನ ಸ್ವಲ್ಪ ಹೊತ್ತು
ಹಿಡಿದುಕೊಂಡೇ ನಿಂತೆ, ಆರುವ ತನಕ.
ಅದರಲ್ಲಿ ತುಳಸಿಯಿರಲಿಲ್ಲ.
ಇದ್ದಂತೆಯೇ ಕುಡಿದೆ.