ಬಳೆ ಇರುವ ಗೋಡೆ

ಹೆಸರಿನಲ್ಲೇ ಬಂದರಿದೆ ಅವರಿಗೆ: ಶಾಬಂದ್ರಿ.
ಯಾವುದೋ ಕಾಲದ ಯಾವನೋ ಮುತ್ತಜ್ಜ
ಭಟ್ಕಳದ ಅಳಿವೆಯಲ್ಲಿ ಸುಂಕ ಎತ್ತುತ್ತಿದ್ದನಂತೆ.
ಇವರು ಮನಾಮದಲ್ಲಿ ನಲವತ್ತು ವರ್ಷ
ಗೋಣಿ ಎಣಿಸಿದರು: ಅಕ್ಕಿ, ಸಿಮೆಂಟು, ಮತ್ತೆ ಅಕ್ಕಿ.
ಮೊಣಕಾಲಿನ ಪಟ್ಟಿ ಬಿಚ್ಚಿದ ದಿನ ನನಗಂದರು,
"ಸೆವ್ರಿನ್ ಬಾಯಿ, ಶುಕ್ರವಾರ ಡ್ಯೂಟಿ ಇಲ್ಲ ಅಲ್ಲವ?
ಬನ್ನಿ, ನಕ್ಷೆಯಲ್ಲಿ ಇಲ್ಲದ ಊರು ತೋರಿಸ್ತೆ."

ಹೆಬ್ಬಾಗಿಲ ಎದುರು ಎಲ್ಲರೂ ಫೋಟೋ ತೆಗೆಯುತ್ತಾರೆ.
ಇವರು ಅದಕ್ಕೆ ಬೆನ್ನು ಹಾಕಿ ನಿಂತರು.
"ಅದು ಇಂಗ್ಲಿಷರ ಕಾಲದ್ದು, ಬಿಡಿ.
ಇಲ್ಲಿ, ನಿಮ್ಮ ಚಪ್ಪಲಿ ಇದೆಯಲ್ಲ, ಇಲ್ಲಿ ಕಡಲು."
ಕೆಳಗೆ ನೋಡಿದೆ. ಟಾರು. ಹಳದಿ ಗೆರೆ.
ಟ್ಯಾಕ್ಸಿಯೊಂದು ಹಾರ್ನ್ ಹೊಡೆಯಿತು.
ಅವರು ಸರಿಯಲಿಲ್ಲ,
ಪ್ಯಾಂಟಿನ ಅಂಚನ್ನು ತುಸು ಎತ್ತಿ ಹಿಡಿದರು,
ಅಲೆ ಬಂದು ಹೋಗಲಿ ಎಂಬಂತೆ.

ಐವತ್ತೆಂಟರಲ್ಲಿ ಹದಿನಾಲ್ಕರ ಹುಡುಗ.
ಹಡಗಿನಿಂದ ಲಾಂಚಿಗೆ, ಲಾಂಚಿನಿಂದ ಮೆಟ್ಟಿಲಿಗೆ,
ತಲೆಯ ಮೇಲೆ ತಗಡಿನ ಪೆಟ್ಟಿಗೆ.
ಬಿಳಿ ಚಡ್ಡಿಯ ಸಾಹೇಬ ಉಪ್ಪಿನಕಾಯಿಯ ಭರಣಿ ಮೂಸಿ
ಮುಖ ಕಿವಿಚಿ ಮುದ್ರೆ ಒತ್ತಿದ.
ಅಮ್ಮನಿಗೆ ಬರೆದ ಕಾಗದಕ್ಕೆ ಹಚ್ಚಿದ ಅಂಚೆಚೀಟಿಯಲ್ಲಿ
ಬೇರೆ ದೇಶದ ರಾಣಿ, ಕೊರಳಿನ ಕೆಳಗೆ ಈ ದ್ವೀಪದ ಹೆಸರು.
ಮರುವರ್ಷ ಸಂಬಳ ಕೈಗೆ ಬಂದದ್ದು ಕೆಂಪು ನೋಟಿನಲ್ಲಿ:
ಇಲ್ಲಿ ನಡೆಯುವ, ಊರಲ್ಲಿ ನಡೆಯದ ರೂಪಾಯಿ.
"ನಮ್ಮ ಹಾಗೆಯೇ" ಎಂದು ನಕ್ಕರು.
ನಗು ಮುಗಿಯುವ ಮೊದಲೇ ಕೆಮ್ಮು ಬಂತು.
ಕರಕ್ ಚಹಾದ ಅಂಗಡಿಯಲ್ಲಿ ಕೂತೆವು.

ಸಂದಿಯ ಕೊನೆಗೆ ಮಸಾಲೆ ಗೋದಾಮು.
ಜೀರಿಗೆ ಮೂಟೆಗಳ ಹಿಂದೆ, ತಲೆ ಎತ್ತಿದರೆ,
ನಾಲ್ಕೂ ಕಡೆ ಬಾಯಿ ತೆರೆದ ಚಿಮಣಿಯಂಥ ಗೂಡು.
ಗಾಳಿಗೋಪುರ ಅಂದರೆ ನಮ್ಮಲ್ಲಿ
ಕಟ್ಟಲಾಗದ್ದು, ಕಟ್ಟಿದರೂ ನಿಲ್ಲದ್ದು.
ಇಲ್ಲಿಯವರು ಅದನ್ನು ಸಮುದ್ರದ ಕಲ್ಲಿನಿಂದ ಕಟ್ಟಿ
ಕೆಳಗೆ ಚಾಪೆ ಹಾಸಿ ನಿದ್ದೆ ಮಾಡಿದ್ದರು.
ಈಗ ಮೂರು ಬಾಯಿಗೆ ಪ್ಲೈವುಡ್.
ನಾಲ್ಕನೆಯದರಿಂದ ಒಂದು ಪಾರಿವಾಳದ ಪುಕ್ಕ
ತಿರುಗುತ್ತ ತಿರುಗುತ್ತ ಇಳಿಯಿತು.
ನನ್ನ ಕತ್ತಿನ ಬೆವರು ಒಮ್ಮೆ ತಣ್ಣಗಾಯಿತು.

ಗೋರಿಗಳ ಹಳೇ ತೋಟಕ್ಕೆ ಬೀಗ.
ಸರಳಿಗೆ ಹಣೆ ಒತ್ತಿ ಓದಿದೆವು:
ತಂತಿ ಕಚೇರಿಯವನೊಬ್ಬ, ಜುಲೈ ತಿಂಗಳು;
ಒಂಬತ್ತು ದಿನದ ಕೂಸು, ಅದೂ ಜುಲೈ.
ನಾನು ಶಿಲುಬೆಯ ಗುರುತು ಮಾಡಿಕೊಂಡೆ.
ಅವರ ತುಟಿಯೂ ಏನೋ ಹೇಳಿತು, ಅರಬಿಯಲ್ಲಿ.
"ಆಳಲಿಕ್ಕೆ ಬಂದವರ ಮಗು, ಬಾಯಿ.
ಆಡಲಿಕ್ಕೇ ಪುರುಸೊತ್ತಾಗಲಿಲ್ಲ."

ವಾರ್ಡಿನಲ್ಲಿ ನಾನೂ ಜುಲೈಗಳನ್ನು ನೋಡಿದ್ದೇನೆ.
ಅವಕ್ಕೆ ಕಲ್ಲು ಇಲ್ಲ. ಪೆಟ್ಟಿಗೆ, ವಿಮಾನ, ಒಂದು ರಸೀದಿ.
ಅದನ್ನು ಅವರಿಗೆ ಹೇಳಲಿಲ್ಲ.

ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯ ಪಕ್ಕದ ಗೋಡೆ.
"ಇದಕ್ಕೇ ಬಂದದ್ದು" ಎಂದರು.
ಸೊಂಟದ ಎತ್ತರದಲ್ಲಿ ಕಬ್ಬಿಣದ ಬಳೆ,
ನನ್ನ ಮುಷ್ಟಿ ಹೋಗುವಷ್ಟು ಅಗಲ,
ಮೇಲೆ ಏಳೆಂಟು ಪದರ ನೀಲಿ ಬಣ್ಣ.
ಭರತಕ್ಕೆ ದೋಣಿಯ ಹಗ್ಗ ಬಿಗಿಯುತ್ತಿದ್ದರಂತೆ ಇದಕ್ಕೆ.
ಕಡಲು ಎಲ್ಲಿದೆ ಈಗ? ಹೋಟೆಲುಗಳಾಚೆ, ಹೆದ್ದಾರಿಯಾಚೆ,
ಬಸ್ಸು ಹತ್ತಿ ಹೋಗಬೇಕು.

ಬಳೆಗೆ ಯಾರೋ ಸರಪಣಿ ಹಾಕಿ
ಸೈಕಲ್ ಕಟ್ಟಿದ್ದರು. ಹಿಂದೆ ಖುಬ್ಸ್ ತುಂಬಿದ ಬುಟ್ಟಿ.
ಶಾಬಂದ್ರಿಯವರ ಮುಖ ನೋಡಬೇಕಿತ್ತು.
"ಇನ್ನೂ ಕೆಲಸದಲ್ಲಿದೆ ನೋಡಿ! ರಿಟೈರ್ ಆಗಲಿಲ್ಲ!"

ಸಿಲ್ಹೆಟ್ಟಿನ ಹುಡುಗ ಓಡಿ ಬಂದ,
ನಾವು ಮುನಿಸಿಪಾಲಿಟಿಯವರೆಂದು ಹೆದರಿ,
ಸಲಾಂ ಹೇಳಿ, ಕೀಲಿ ತಿರುಗಿಸಿ,
ಸರಪಣಿ ಎಳೆದು ಹೊರಟೇಹೋದ.
ಬಳೆ ಗೋಡೆಗೆ ಬಡಿದು
ಒಂದೇ ಒಂದು ಸಲ
ಠಣ್ ಎಂದಿತು.