ನಾಲ್ಕು ಚುಕ್ಕಿ

ಅಚಾವೊದಿಂದ ಹೊರಡುವ ದೋಣಿಗಳ ವೇಳೆ,
ಉಬ್ಬರ ಎಷ್ಟಕ್ಕೆ, ಇಳಿತ ಎಷ್ಟಕ್ಕೆ,
ಗಾಳಿ ಎದ್ದು ಬಂದರು ಮುಚ್ಚಿತೋ ಇಲ್ಲವೋ,
ಹದಿನಾಲ್ಕು ವರ್ಷದಿಂದ ಇಷ್ಟನ್ನೇ ಬರೆದಿಡುತ್ತೇನೆ
ಯಾವುದೋ ದೇಶದ ಯಾರದೋ ಯಂತ್ರದ
ಬಾಡಿಗೆಯ ಒಂದು ಮೂಲೆಯಲ್ಲಿ.

ಹೋದ ಚಳಿಗಾಲ ಆ ಮೂಲೆ ಮಾಯವಾಯಿತು.
ಎರಡು ಡಾಲರಿನ ಕಂಪನಿ. ಒಂದು ಮಂಗಳವಾರದಿಂದ
ಪತ್ರ ಹಾಕಿದರೆ ಉತ್ತರವಿಲ್ಲ; ಫೋನು ಮೊದಲೇ ಇರಲಿಲ್ಲ.
ಮೂರು ವರ್ಷದ ಉಬ್ಬರ ಇಳಿತ ಅವರ ಜೊತೆಗೇ ಹೋಯಿತು.
ಅಗ್ಗವೆಂದು ಮುಗ್ಗಿದ ಜೋಳ ಕೊಂಡವಳು ನಾನೇ,
ಯಾರನ್ನು ಬೈಯಲಿ?

ಈ ಸಲ ಕಟ್ಟಿಗೆ ಒಲೆಯ ಪಕ್ಕ ಕೂತು
ಶಾಲೆಯ ಚೌಕುಳಿ ಪುಸ್ತಕದಲ್ಲಿ ಗೆರೆ ಎಳೆದೆ.
ಸಾಂತಿಯಾಗೊ: ಹತ್ತಿರ, ದುಬಾರಿ.
ಜರ್ಮನಿ: ದೂರ, ಆದರೆ ಹದಿನೆಂಟು ವರ್ಷ
ಒಂದೇ ಹೆಸರಿನಲ್ಲಿ ಬಾಗಿಲು ತೆರೆದಿದೆ.
ಇನ್ನೊಬ್ಬ, ಅರ್ಧ ಬೆಲೆಗೆ ಎರಡರಷ್ಟು ಕೊಡುವವನು;
ಅವನ ಅಂಗಡಿ ಹುಟ್ಟಿದ್ದು ಮೊನ್ನೆ ನವೆಂಬರಿನಲ್ಲಿ.
ಅವನ ಹೆಸರಿನ ಮೇಲೆ ಅಡ್ಡಗೆರೆ.

ಜರ್ಮನಿಯವರ ಬಿಲ್ಲಿನಲ್ಲಿ ಎರಡು ಸಾಲು:
ಯಂತ್ರಕ್ಕೆ ಇಷ್ಟು; ಹಳೆಯ ಬಗೆಯ ವಿಳಾಸ ಬೇಕಾದರೆ
ಮೇಲೆ ಇನ್ನಷ್ಟು. ವಿಳಾಸಕ್ಕೂ ಬಾಡಿಗೆ!
ಹಳೆಯವು ಮುಗಿದುಹೋಗಿವೆಯಂತೆ,
ಇದ್ದವರು ಹರಾಜಿಗಿಡುತ್ತಾರಂತೆ, ಕಡಲಂಚಿನ ನಿವೇಶನದ ಹಾಗೆ.
ಹೊಸದು ಮಾತ್ರ ಬಿಟ್ಟಿ. ಒಂದಲ್ಲ, ತಲೆಗೊಂದು ರಾಶಿ,
ದಡದ ಮರಳಿಗೆಲ್ಲ ಹಂಚಿದರೂ ಮಿಗುವಷ್ಟು.
ನನಗೆ ಬೇಕಾದದ್ದು ಒಂದು.

ಬರೆದುಕೊಂಡೆ. ಎಷ್ಟು ಉದ್ದ! ಅಂಕಿಗಳ ನಡುವೆ ಅಕ್ಷರ ನುಗ್ಗಿ
ಡಿ, ಬಿ, ಎಂಟು, ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ.
ಆ ಸೊನ್ನೆಗಳ ಸಾಲನ್ನು ನುಂಗಿ ನಾಲ್ಕು ಚುಕ್ಕಿ ಇಡಬಹುದು,
ಒಂದು ವಿಳಾಸದಲ್ಲಿ ಒಂದೇ ಸಲ.
ಎರಡು ಕಡೆ ಸುಮ್ಮನಾದರೆ, ಯಾವ ಮೌನ ಎಷ್ಟು ಉದ್ದ
ಎಂದು ಯಾರಿಗೂ ತಿಳಿಯದು.
ನನ್ನ ಗಂಡನಿಗೆ ಇದು ಗೊತ್ತಿದ್ದರೆ ಚೆನ್ನಾಗಿತ್ತು.

ರಾತ್ರೋರಾತ್ರಿ ಎಲ್ಲ ಸಾಗಿಸಿ ಮುಗಿಸಿದೆ. ಬೆಳಿಗ್ಗೆ ಎಂಟಕ್ಕೆ
ನೋಲ್ಬೆರ್ತೊ ಬಾರ್ರಿಯಾ ಗುಡ್ಡ ಹತ್ತಿ ಬಂದ, ಬೂಟಿನ ತುಂಬ ಕೆಸರು.
"ಇರ್ಮಾ, ನಿನ್ನ ಮನೆ ಕಾಣ್ತಿಲ್ಲ."
ಅವನ ಮಗಳ ಫೋನಿನಲ್ಲಿ ಕಾಣುತ್ತದೆ. ಬಂದರು ಕಚೇರಿಯಲ್ಲಿ ಇಲ್ಲ.
ಅಲ್ಲಿನ ಪೆಟ್ಟಿಗೆಗೆ ಹಳೆಯ ವಿಳಾಸವಷ್ಟೇ ಓದಲು ಬರುತ್ತದೆ.

ನಮ್ಮ ಮನೆ ನಡೆದ ದಿನ ನೆನಪಾಯಿತು.
ನನಗೆ ಏಳು ವರ್ಷ. ಹಲಗೆಮನೆಯನ್ನು ಇದ್ದ ಹಾಗೇ ಎಬ್ಬಿಸಿ,
ಅಡಿಗೆ ದಿಮ್ಮಿ ಕೊಟ್ಟು, ಹನ್ನೆರಡು ಜೊತೆ ಎತ್ತು ಹೂಡಿ
ಮಿಂಗಾಕ್ಕೆ ಕೂಡಿದ ಊರು ಹಗ್ಗ ಹಿಡಿದು
ದಡದಿಂದ ಗುಡ್ಡಕ್ಕೆ ಎಳೆಯಿತು, ಕಿಟಕಿಯ ಪರದೆ ಸಮೇತ.
ಕೂಲಿ ಯಾರೂ ಕೇಳಲಿಲ್ಲ. ಮುಯ್ಯಿ ಉಳಿಯಿತು:
ಆಲೂಗಡ್ಡೆ, ಸೇಬಿನ ಚೀಚಾ, ಮುಂದೆ ಅವರ ಮನೆ ಎದ್ದಾಗ ನಮ್ಮ ಎತ್ತು.
ಮನೆ ಬಂತು. ನಾಯಿ ಬರಲಿಲ್ಲ.
ಹಳೆಯ ಜಾಗದ ಬುಡಗಲ್ಲುಗಳ ನಡುವೆ
ಬಾಗಿಲಿದ್ದ ಕಡೆಗೇ ಮುಖ ಮಾಡಿ ಮಲಗಿತು.
ಅಮ್ಮ ಬೈಯಲಿಲ್ಲ. ಸಂಜೆ ಬಟ್ಟಲು ಹಿಡಿದು ಇಳಿದು
ದಿನಕ್ಕೆ ಹತ್ತು ಹೆಜ್ಜೆ ಮೇಲಕ್ಕೆ ಇಡುತ್ತ ಬಂದಳು.

ಹಳೆಯ ವಿಳಾಸಕ್ಕೂ ದುಡ್ಡು ಕಟ್ಟಿದೆ, ಮೂರು ತಿಂಗಳಿಗೆ.
ಉಳಿತಾಯ ಹೋಯಿತು. ಹೋಗಲಿ, ಬಟ್ಟಲಿನ ಖರ್ಚು.

ಶುಕ್ರವಾರ ಕಚೇರಿಗೆ ಇಳಿದು, ನೋಲ್ಬೆರ್ತೊನ ಕುರ್ಚಿ ಹತ್ತಿ
ಧೂಳಿನ ಪೆಟ್ಟಿಗೆಯ ಬೆನ್ನಿನ ಅಂಕಿ ಓದಿದೆ.
ಹೊಸದು ಕಲಿಯುವ ವಯಸ್ಸು ಅದಕ್ಕೆ ದಾಟಿತ್ತು.
ಪುವೆರ್ತೊ ಮೊಂತಿಗೆ ಅರ್ಜಿ ಬರೆದೆವು. ಮೊಹರು ಬಿತ್ತು.
ಇನ್ನು ಅವರುಂಟು, ಅವರ ದೇವರುಂಟು.

ರಾತ್ರಿ ದಾಖಲೆ ತೆರೆದು ನೋಡುತ್ತೇನೆ, ಯಾರ್ಯಾರು ಬಂದರು ಎಂದು.
ಹಳಬರದು ಗಿಡ್ಡ ಸಾಲು. ಹೊಸಬರದು ಉದ್ದ,
ತಲೆ ಅದೇ, ಬಾಲ ದಿನಕ್ಕೊಂದು.
ಉದ್ದದವು ನಿನ್ನೆ ಒಂಬತ್ತು, ಇಂದು ಹನ್ನೊಂದು.
ಒಂದು ಪ್ರತಿ ಸಕ್ಕರೆ ಡಬ್ಬಿಯಲ್ಲಿದೆ; ಜರ್ಮನಿಯನ್ನೂ ಪೂರ್ತಿ ನಂಬಿಲ್ಲ.

ನಾಳೆ ಉಬ್ಬರ ಆರೂ ಹತ್ತಕ್ಕೆ.
ಗಾಳಿ ದಕ್ಷಿಣದ್ದು. ದೋಣಿ ಹೊರಡುತ್ತದೆ.