ತಡೆಹಿಡಿದದ್ದು

ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ
ಸಾವಿರದ ಇನ್ನೂರ ಆರು ಮಂದಿ ಮಲಗಿದ್ದಾರೆ,
ಹೆಸರಿನ ಮೊದಲಕ್ಷರದ ಸಾಲಿನಲ್ಲಿ,
ದಪ್ಪ ಕಾಗದ, ಹೊನ್ನ ಅಂಚು, ಕುಲಸಚಿವರ ಸಹಿ.
ಎಲ್ಲರೂ ಪಾಸು.
ಯಾರೂ ಹೊರಗೆ ಹೋಗುವಂತಿಲ್ಲ.

ಈಸ್ಟ್ ಲಂಡನ್ನಿನ ಕಡಲಗಾಳಿ ಉಪ್ಪುಪ್ಪು.
ಕಪಾಟಿನ ತಿರುಗುಣಿ ತುಕ್ಕು ಹಿಡಿಯುತ್ತದೆ,
ವರ್ಷಕ್ಕೊಮ್ಮೆ ನಾನೇ ಎಣ್ಣೆ ಬಿಡುತ್ತೇನೆ.
ಹನ್ನೊಂದು ವರ್ಷದಿಂದ ಶುಲ್ಕ ವಿಭಾಗದ ನಾಲ್ಕನೆಯ ಕಿಟಕಿ ನನ್ನದು.
ಗಾಜಿನಲ್ಲೊಂದು ತೂತು, ಮಾತಿಗೆ.
ಕೆಳಗೊಂದು ಸಂದು, ದುಡ್ಡಿಗೆ.
ಸಂದು ಅಗಲವಾಗಿದೆ.

ನೊಲುಬಬಾಲೊ ಡ್ಯಾಂಟಿ ಬರುವುದು ತಿಂಗಳ ಕೊನೆಯ ಶುಕ್ರವಾರ.
ಗಣಿತ ಕಲಿಸಲು ಓದಿದವಳು
ಕಡಲ ದಂಡೆಯ ಅಂಗಡಿಯಲ್ಲಿ ಕೋಳಿ ಹುರಿಯುತ್ತಾಳೆ.
ಸರ್ಟಿಫಿಕೇಟು ತೋರಿಸಿದರೆ ನಾಳೆಯೇ ಕೆಲಸ ಎಂದ ಶಾಲೆ
ಮೂರು ಸಲ ಬೇರೆಯವರನ್ನು ತೆಗೆದುಕೊಂಡಿದೆ.
ಇನ್ನೂರು ರ‍್ಯಾಂಡ್ ತಳ್ಳುತ್ತಾಳೆ ಸಂದಿನಲ್ಲಿ,
ನೋಟಿಗೆ ಕರಿದ ಎಣ್ಣೆಯ ವಾಸನೆ.
ಆ ತಿಂಗಳ ಬಡ್ಡಿ ಇನ್ನೂರ ಹದಿನಾಲ್ಕು.
ನಾನು ರಸೀದಿ ಕೊಡುತ್ತೇನೆ.
ಅವಳ ಹೆಸರಿಗೆ ನಮ್ಮ ಮಾತಿನಲ್ಲಿ ಕೃಪೆ ಎಂದರ್ಥ,
ರಸೀದಿಯ ಕಾಲಮ್ಮಿನಲ್ಲಿ ಅದು ಹಿಡಿಸುವುದಿಲ್ಲ,
‘ನೊಲುಬ’ ಎಂಬಲ್ಲಿಗೇ ನಿಂತುಬಿಡುತ್ತದೆ.

ಸರ್ಕಾರದ ಹಣ ಯಾಕೆ ಸಿಗಲಿಲ್ಲ ಎಂದು ಕೇಳುತ್ತೀರಿ.
ಬಡವರಿಗೆ ಒಂದು ಗೆರೆ ಎಳೆದಿದ್ದಾರೆ, ನೇರವಾಗಿ, ಸ್ಕೇಲಿಟ್ಟು.
ಅವಳ ತಾಯಿ ಲುಸಿಕಿಸಿಕಿಯ ಕಡೆ ನರ್ಸು.
ಮಗಳ ಫೀಸಿಗೆಂದೇ ಆ ವರ್ಷ ರಾತ್ರಿ ಪಾಳಿ ಹೆಚ್ಚು ಮಾಡಿದಳು,
ಆ ರಾತ್ರಿಗಳೇ ಅವಳನ್ನು ಗೆರೆ ದಾಟಿಸಿದವು,
ನಾನೂರು ರ‍್ಯಾಂಡಿನಷ್ಟು.
ಆ ಸಂಬಳ ಉಣ್ಣುವವರು ಒಂಬತ್ತು ಮಂದಿ.
ಅರ್ಜಿಯಲ್ಲಿ ದುಡಿಯುವವರಿಗೆ ಕಾಲಂ ಇದೆ,
ಉಣ್ಣುವವರಿಗಿಲ್ಲ.

ಹೋದ ಮಂಗಳವಾರ ಸುಧಾರಣಾ ಸಮಿತಿ ನನ್ನನ್ನು ಕರೆಯಿತು.
ಉದ್ದ ಮೇಜು, ನೀರಿನ ಬಾಟಲಿ, ಗೋಡೆಯ ಮೇಲೆ ಏರುವ ಬಾಣ.
‘ಅವಕಾಶವಂಚಿತರು’ ಎಂಬ ಮಾತು ಹದಿನೇಳು ಸಲ ಬಂತು.
ಎಣಿಸಿದೆ. ಎಣಿಸುವುದೇ ನನ್ನ ಕಸುಬು.
ಬಾಗಿಲು ಇನ್ನಷ್ಟು ಅಗಲ ಮಾಡೋಣ ಎಂದರು ಒಬ್ಬರು,
ಎಲ್ಲರೂ ಬರೆದುಕೊಂಡರು.
ನನಗೆ ಮೂರು ನಿಮಿಷ.
ಒಳಬರುವ ಬಾಗಿಲು ಸರಿ, ಎಂದೆ,
ಹೊರಹೋಗುವ ಬಾಗಿಲಿನ ಬೀಗದ ಕೈ
ನನ್ನ ಜೇಬಿನಲ್ಲಿದೆ.
ತೆಗೆದು ಮೇಜಿನ ಮೇಲಿಟ್ಟೆ.
ಹಣಕಾಸಿನ ಫಾನ್ ರೆನ್ಸ್‌ಬರ್ಗ್ ಅಮ್ಮ, ಒಳ್ಳೆಯವರು,
ಮೆಲ್ಲಗೆ ಕೇಳಿದರು:
ಎಲ್ಲ ಬಿಟ್ಟುಕೊಟ್ಟರೆ ಗ್ರಂಥಾಲಯದ ದೀಪಕ್ಕೆ ಯಾರು ಕೊಡುತ್ತಾರೆ, ಮ್ಝಿಮ್ಖುಲು?
ಆ ದೀಪದ ಕೆಳಗೆ, ರೂಮು ಸಿಗದ ಹುಡುಗರು
ಪುಸ್ತಕ ತಲೆದಿಂಬು ಮಾಡಿ ಮಲಗುವುದನ್ನು ನಾನೂ ಕಂಡಿದ್ದೇನೆ.
ಅದು ಆರಿದರೆ ಅವರೆಲ್ಲಿಗೆ?
ನನ್ನಲ್ಲಿ ಉತ್ತರವಿರಲಿಲ್ಲ.
ಉಪಸಮಿತಿ ಆಯಿತು. ವರದಿ ಮಾರ್ಚಿಗೆ.
ಬೀಗದ ಕೈ ಎತ್ತಿಕೊಂಡು ಬಂದೆ.

ದೇವರು ವರ ಕೊಟ್ಟಾಗಿದೆ ಇಲ್ಲಿ,
ಕೊಡದ ಪೂಜಾರಿ ನಾನು,
ನನ್ನ ಸಂಬಳವೂ ಅದೇ ಸಂದಿನಿಂದ ಬರುತ್ತದೆ.

ಇವತ್ತು ಶುಕ್ರವಾರ. ಸಾಲಿನಲ್ಲಿ ಅವಳೇ ಕೊನೆ.
ನಿಯಮದಲ್ಲಿ ಕೊಡಬಾರದು ಎಂದಿದೆ,
ತೋರಿಸಬಾರದು ಎಂದಿಲ್ಲ.
ಎದ್ದೆ. ಕಪಾಟು ತೆರೆದೆ. ‘ಡಿ’ ಸಾಲಿನಿಂದ ಎಳೆದು
ಗಾಜಿಗೆ ಆನಿಸಿ ಹಿಡಿದೆ, ಎರಡೂ ಕೈಯಲ್ಲಿ,
ಹೆರಿಗೆ ಕೋಣೆಯ ಕಿಟಕಿಯಲ್ಲಿ ಮಗು ತೋರಿಸುವ ಹಾಗೆ.

ಅವಳು ಬಗ್ಗಿ ಓದಿದಳು. ಗಾಜಿನ ಮೇಲೆ ಉಸಿರು ಮಸುಕಾಯಿತು.
ತೋಳಿನಿಂದ ಒರೆಸಿ, ಮತ್ತೆ ಓದಿದಳು.
ಆಮೇಲೆ ತೂತಿಗೆ ಬಾಯಿ ತಂದು:
ನನ್ನ ಹೆಸರಿನಲ್ಲಿ ಒಂದು ‘ಬ’ ಬಿಟ್ಟುಹೋಗಿದೆ.

ತಿರುಗಿಸಿ ನೋಡಿದೆ. ಹೌದು.

ತಿದ್ದಲು ಶುಲ್ಕವಿದೆಯೇ, ಕೇಳಿದಳು.

ಎಷ್ಟೆಂದು ನನಗೆ ಬಾಯಿಪಾಠ.
ಮೊದಲು ನಕ್ಕವಳು ಅವಳು.